ಹಳೇ ಬುಲೆಟ್‌ನ ಗೇರ್ ಬೀಳ್ತಿಲ್ವಾ? ಬಾಕ್ಸ್ ಬಿಚ್ಚೋ ಮುಂಚೆ ಇಷ್ಟು ನೋಡಿ

ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಒಮ್ಮೆಯಾದರೂ ನಿಂತವರಿಗೆ ನನ್ನ ಕಷ್ಟ ಬೇಗ ಅರ್ಥವಾಗುತ್ತದೆ. ಗೇಟ್ ಬಿತ್ತು. ಹಿಂದೆ ಮುಂದೆ ಆಟೋ, ಸ್ಕೂಟರ್, ತಳ್ಳುಗಾಡಿ. ಮಧ್ಯದಲ್ಲಿ ನಾನು, ನನ್ನ 1984ರ ಬುಲೆಟ್. ಗಾಡಿ ಫಸ್ಟ್ ಗೇರಿನಲ್ಲಿದೆ, ನ್ಯೂಟ್ರಲ್ ಸಿಗುತ್ತಿಲ್ಲ. ಒತ್ತಿದರೆ ಸೀದಾ ಸೆಕೆಂಡ್, ಎತ್ತಿದರೆ ಮತ್ತೆ ಫಸ್ಟ್. ಕ್ಲಚ್ ಪೂರ್ತಿ ಹಿಡಿದಿದ್ದೇನೆ, ಆದರೂ ಗಾಡಿ ಮುಂದಿನ ಆಟೋ ಕಡೆ ಮೆಲ್ಲಗೆ ತೆವಳುತ್ತಿದೆ. ಕೈ ಸೋತು ಎಂಜಿನ್ ಆಫ್ ಮಾಡಿದೆ. ಆಫ್ ಆದ ಕೂಡಲೇ ನ್ಯೂಟ್ರಲ್ ಬೆಣ್ಣೆಯಂತೆ ಬಿತ್ತು.

ರೋಗದ ಹೆಸರು ಅಲ್ಲೇ ಇತ್ತು. ಎಂಜಿನ್ ಓಡುವಾಗ ಬೀಳದ ನ್ಯೂಟ್ರಲ್, ಆಫ್ ಆದಾಗ ಬಿತ್ತು ಅಂದರೆ ಗೇರ್ ಬಾಕ್ಸಿನ ತಪ್ಪಲ್ಲ. ಆದರೆ ನನಗೆ ಆಗ ಅಷ್ಟು ತಿಳಿವಳಿಕೆ ಇರಲಿಲ್ಲ. ಒಂದು ಗ್ಯಾರೇಜಿಗೆ ಬಿಟ್ಟೆ. ಅವರು 'ಹಲ್ಲು ಸವೆದಿದೆ' ಅಂತ ಬಾಕ್ಸ್ ಬಿಚ್ಚಿದರು. ಎರಡು ಗೇರು, ಒಂದು ಬುಷ್ ಬದಲಾಯಿತು. ಮೂರು ವಾರ ಗಾಡಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ದುಡ್ಡು ಕೊಟ್ಟು ಮನೆಗೆ ತಂದ ದಿನವೇ ಗೇರ್ ಹಾಕುವಾಗ ಮತ್ತೆ ಅದೇ ಕರ್ರ್, ಅದೇ ತೆವಳುವಿಕೆ. ಕೊನೆಗೆ ಸಿಕ್ಕಿದ್ದು ಕ್ಲಚ್ ಕೇಬಲ್ಲಿನ ತುದಿಯ ಒಂದು ಪುಟ್ಟ ಟೋಪಿ. ಅದರ ಬೆಲೆ ಹೇಳಿದರೆ ನೀವು ನಗುತ್ತೀರಿ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೇ ಗಾಡಿಯಲ್ಲಿ 'ಗೇರ್ ಪ್ರಾಬ್ಲಂ' ಅಂತ ನಾವು ಕರೆಯುವುದರಲ್ಲಿ ಜಾಸ್ತಿ ಪಾಲು ಗೇರ್ ಬಾಕ್ಸಿನ ಹೊರಗೇ ಇರುತ್ತದೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ನಾಲ್ಕು ಗೇರಿನ ಹಳೇ ಬುಲೆಟ್ ಬಾಕ್ಸು ಆಲ್ಬಿಯನ್ ಮಾದರಿಯದು, ಅಂದರೆ ಬರ್ಮಿಂಗ್‌ಹ್ಯಾಮಿನ ಆಲ್ಬಿಯನ್ ಕಂಪನಿಯ ವಿನ್ಯಾಸ. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಮಾಡುವ ಎನ್‌ಫೀಲ್ಡ್ ಕಂಪನಿ ಶುರುವಾದ ಕಾಲದ್ದು, ಆಮೇಲೆ ದಶಕಗಟ್ಟಲೆ ಹೆಚ್ಚು ಬದಲಾಗದೆ ನಡೆದು ಬಂತು. ಎಂಜಿನ್ನೇ ಬೇರೆ, ಗೇರ್ ಬಾಕ್ಸೇ ಬೇರೆ, ಎಡಗಡೆ ಕ್ಲಚ್ ಇರುವ ಪ್ರೈಮರಿ ಚೈನ್ ಕೇಸೇ ಬೇರೆ. ಮೂರಕ್ಕೂ ಮೂರು ಬೇರೆ ಆಯಿಲ್. ಗೇರ್ ಲಿವರ್ ಬಲಗಾಲಿಗೆ. ಮೇಲಕ್ಕೆ ಎತ್ತಿದರೆ ಒಂದು, ಕೆಳಕ್ಕೆ ಒತ್ತಿದರೆ ಎರಡು, ಮೂರು, ನಾಲ್ಕು. ಇವತ್ತಿನ ಗಾಡಿ ಓಡಿಸಿದವರು ಕೂತರೆ ಪೂರ್ತಿ ಉಲ್ಟಾ ಅನ್ನಿಸುತ್ತದೆ, ಮೊದಲ ವಾರ ಬ್ರೇಕ್ ಹಾಕೋಕೆ ಹೋಗಿ ಗೇರ್ ಹಾಕುತ್ತಾರೆ.

ಈ ಬಾಕ್ಸಿನಲ್ಲಿ ಗೇರಿನ ಹಲ್ಲುಗಳು ಒಂದನ್ನೊಂದು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಗೇರ್ ಹಾಕುವುದು ಅಂದರೆ ಹಲ್ಲಿಗೆ ಹಲ್ಲು ಕೂಡಿಸುವುದಲ್ಲ. ಗೇರಿನ ಪಕ್ಕದ ಮೈಯಲ್ಲಿ ದಪ್ಪ ಮುಂಡುಗಳಿರುತ್ತವೆ, ಅವಕ್ಕೆ ಡಾಗ್ ಅನ್ನುತ್ತಾರೆ. ಒಂದು ಗೇರು ಪಕ್ಕಕ್ಕೆ ಜಾರಿ ಇನ್ನೊಂದರ ಡಾಗ್ ಸಂದಿಗೆ ಸೇರಬೇಕು. ಎರಡೂ ಕೈ ಬೆರಳು ಚಾಚಿ ಒಂದರೊಳಗೊಂದು ಕೋದು ನೋಡಿ, ಅದೇ ಕೆಲಸ. ಈಗ ಬೆರಳು ಕೋದುಕೊಂಡೇ ಎರಡೂ ಕೈಯನ್ನು ಒಂದಕ್ಕೊಂದು ವಿರುದ್ಧ ತಿರುಚಿ ಹಿಡಿದು, ಹಾಗೇ ಬೆರಳು ಬಿಡಿಸಿಕೊಳ್ಳಲು ನೋಡಿ. ಬರುವುದಿಲ್ಲ ಅಲ್ವಾ? ತಿರುಚುವುದನ್ನು ಸಡಿಲಿಸಿದರೆ ತಾನಾಗಿ ಜಾರುತ್ತದೆ. ರೈಲ್ವೆ ಗೇಟಿನಲ್ಲಿ ಆಗಿದ್ದೂ ಅದೇ. ಕ್ಲಚ್ ಪೂರ್ತಿ ಬಿಡದೆ, ಅಂದರೆ ಲಿವರ್ ಹಿಡಿದರೂ ಎಂಜಿನ್ನನ್ನು ಬಾಕ್ಸಿನಿಂದ ಬೇರೆ ಮಾಡದೆ, ಎಂಜಿನ್ ಸ್ವಲ್ಪ ಸ್ವಲ್ಪ ತಿರುಚುತ್ತಲೇ ಇತ್ತು, ಡಾಗ್‌ಗಳು ಬಿಗಿಯಾಗಿ ಕಚ್ಚಿಕೊಂಡಿದ್ದವು. ಎಂಜಿನ್ ಆಫ್ ಆಯಿತು, ತಿರುಚು ಹೋಯಿತು, ನ್ಯೂಟ್ರಲ್ ಬಿತ್ತು.

ಹಾಗಾಗಿ ನಾನು ಈಗ ಇದನ್ನು ಎರಡು ದಾರಿ ಅಂತ ಇಟ್ಟುಕೊಂಡಿದ್ದೇನೆ. ಕೈ ದಾರಿ ಒಂದು: ಕ್ಲಚ್ ಲಿವರ್, ಕೇಬಲ್, ಬಾಕ್ಸಿನ ಬಲಗಡೆ ಕವರಿನೊಳಗಿನ ತೋಳು, ಟೊಳ್ಳು ಶಾಫ್ಟಿನ ಒಳಗಿಂದ ಎಡಕ್ಕೆ ಹೋಗುವ ಪುಶ್ ರಾಡ್, ಕೊನೆಗೆ ಕ್ಲಚ್ ಪ್ಲೇಟು. ಕಾಲು ದಾರಿ ಇನ್ನೊಂದು: ಗೇರ್ ಲಿವರ್, ಪ್ರತಿ ಒತ್ತಿಗೆ ಒಂದೊಂದೇ ಗೇರ್ ಸರಿಸುವ ರ‍್ಯಾಚೆಟ್, ಅದು ತಿರುಗಿಸುವ ಕ್ಯಾಮ್ ಪ್ಲೇಟ್, ಗೇರನ್ನು ಪಕ್ಕಕ್ಕೆ ತಳ್ಳುವ ಫೋರ್ಕು, ಡಾಗ್. ತೊಂದರೆ ಯಾವ ದಾರಿಯಲ್ಲಿದೆ ಅಂತ ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಗೊತ್ತುಮಾಡಿಕೊಳ್ಳುವುದು ಸುಲಭ. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರಲಿ. ಒಂದು ಕೈಯಲ್ಲಿ ಹಿಂದಿನ ಚಕ್ರ ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಆಡಿಸುತ್ತಾ ಇನ್ನೊಂದು ಕೈಯಿಂದ ಲಿವರ್ ಒತ್ತಿ, ಎತ್ತಿ. ಚಕ್ರ ಆಡಿಸುವುದು ಮುಖ್ಯ. ಡಾಗ್‌ಗೆ ಡಾಗ್ ಎದುರುಬದುರು ನಿಂತಿದ್ದರೆ ಎಷ್ಟು ಒತ್ತಿದರೂ ಗೇರ್ ಬೀಳುವುದಿಲ್ಲ, ಅದು ದೋಷ ಅಲ್ಲ. ಸುಮ್ನೆ ಕಾಲಿನಿಂದ ಒದ್ದು ಫೋರ್ಕು ಬಗ್ಗಿಸಿಕೊಂಡವರನ್ನು ನೋಡಿದ್ದೇನೆ. ನಾಲ್ಕೂ ಗೇರ್ ಹೋಗಿ, ನಾಲ್ಕೂ ವಾಪಸ್ ಬಂದರೆ ಕಾಲು ದಾರಿ ಬಹುತೇಕ ಸರಿ ಇದೆ. ಹಾಗಿದ್ದೂ ಎಂಜಿನ್ ಓಡುವಾಗ ಕರ್ರ್ ಅನ್ನುತ್ತಿದ್ದರೆ ಕೈ ದಾರಿಯೇ ಕಳ್ಳ.

ಇನ್ನೊಂದು ಗುರುತು ಇದೆ. ಅದೇ ಸ್ಟ್ಯಾಂಡ್ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಬಿಸಿಯಾದ ಮೇಲೆ ಕ್ಲಚ್ ಹಿಡಿದು ಫಸ್ಟ್ ಹಾಕಿ. ಹಿಂದಿನ ಚಕ್ರ ಮೆಲ್ಲಗೆ ತಿರುಗಬಹುದು, ಪರವಾಗಿಲ್ಲ, ಆಯಿಲ್ ಎಳೆಯುತ್ತದೆ. ಈಗ ಹಿಂದಿನ ಬ್ರೇಕ್ ಒತ್ತಿ. ಚಕ್ರ ನಿಂತು ಎಂಜಿನ್ ಅದೇ ತಾಳದಲ್ಲಿ ಓಡುತ್ತಿದ್ದರೆ ಕ್ಲಚ್ ಬಿಡುತ್ತಿದೆ. ಬ್ರೇಕ್ ಒತ್ತಿದಾಗ ಎಂಜಿನ್ ಉಸಿರು ಕಟ್ಟಿದಂತೆ ಕುಗ್ಗಿದರೆ ಬಿಡುತ್ತಿಲ್ಲ.

ಕೈ ದಾರಿಯಲ್ಲಿ ಎಲ್ಲಿಂದ ಶುರು ಮಾಡಬೇಕು? ಕೈಯಿಂದಲೇ. ಹ್ಯಾಂಡಲ್ಲಿನ ಲಿವರಿಗೆ 2ರಿಂದ 3 ಮಿಲಿಮೀಟರ್ ಆಟ ಇರಬೇಕು. ಆಟ ಜಾಸ್ತಿ ಇದ್ದರೆ ನೀವು ಎಳೆಯುವುದರಲ್ಲಿ ಅರ್ಧ ಸಡಿಲಕ್ಕೇ ಹೋಗುತ್ತದೆ, ಪ್ಲೇಟು ತೆರೆಯುವುದಿಲ್ಲ. ಆಟ ಪೂರ್ತಿ ಇಲ್ಲದಿದ್ದರೂ ಕಷ್ಟ: ಕ್ಲಚ್ ಯಾವಾಗಲೂ ಅರ್ಧ ಹಿಡಿದಂತೆ ಇರುತ್ತದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ, ಪುಶ್ ರಾಡಿನ ತುದಿ ಉಜ್ಜಿ ಉಜ್ಜಿ ಸುಡುತ್ತದೆ. ಇದನ್ನೂ ಜನ 'ಗೇರ್ ಸ್ಲಿಪ್' ಅನ್ನುತ್ತಾರೆ. ಗೇರ್ ಜಾರುವುದಿಲ್ಲ, ಜಾರುವುದು ಕ್ಲಚ್ಚು.

ಆಮೇಲೆ ಕೇಬಲ್. ನನ್ನ ಗಾಡಿಯ ಗುಟ್ಟು ಬಯಲಾದದ್ದು ಇಲ್ಲಿ. ಹಳೇ ಪಿ.ಬಿ. ರಸ್ತೆಯ ಕಡೆ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದರು. ಅವರು ಗಾಡಿ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. 'ನೀನು ಕ್ಲಚ್ ಹಿಡಿ, ಬಿಡು, ಹಿಡಿ, ಬಿಡು' ಅಂದು ತಾವು ಕೆಳಗೆ ಗೇರ್ ಬಾಕ್ಸ್ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಬೀಡಿ ಹಚ್ಚಿದರು. ಎರಡು ನಿಮಿಷ ನೋಡಿ, 'ಬಾ ಇಲ್ಲಿ, ಈಗ ನಾನು ಹಿಡೀತೀನಿ, ನೀನು ನೋಡು' ಅಂದರು. ನೋಡಿದೆ. ಲಿವರ್ ಪೂರ್ತಿ ಹಿಡಿಗೆ ತಾಗುವಷ್ಟು ಬರುತ್ತಿದೆ, ಆದರೆ ಕೆಳಗೆ ಒಳತಂತಿ ಬೆರಳಿನ ಉಗುರಿನಷ್ಟೂ ಮೇಲೆ ಹೋಗುತ್ತಿಲ್ಲ. ಬದಲಿಗೆ ಕೇಬಲ್ಲಿನ ಹೊರಕವಚವೇ ಪ್ರತಿ ಎಳೆತಕ್ಕೂ ಅಡ್ಜಸ್ಟರಿನ ಬಾಯಿಯೊಳಗೆ ಮುಳುಗಿ ಏಳುತ್ತಿದೆ. ತುದಿಯ ಲೋಹದ ಟೋಪಿ ಎಂದೋ ಬಿದ್ದುಹೋಗಿತ್ತು. ಕವಚದ ಸುರುಳಿ ತಂತಿ ಬಿಚ್ಚಿಕೊಂಡು ಸ್ಪ್ರಿಂಗಿನಂತೆ ಕುಗ್ಗುತ್ತಿತ್ತು. ನಾನು ಎಳೆದದ್ದೆಲ್ಲ ಆ ಕುಗ್ಗುವುದರಲ್ಲೇ ಮುಗಿಯುತ್ತಿತ್ತು.

ಈ ಪರೀಕ್ಷೆಗೆ ಇಬ್ಬರು ಬೇಕು, ಅಷ್ಟೇ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ತುದಿ ನೋಡಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿ. ತಿರುಗಿಸಿದಾಗ ಲಿವರಿನ ಆಟ ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡು ಎಳೆಯುತ್ತಿದೆ. ಲಿವರಿನ ಪಿವಟ್ ತೂತು ಸವೆದು ಮೊಟ್ಟೆಯಾಕಾರ ಆಗಿದೆಯಾ ನೋಡಿ. ಮತ್ತೆ ಹೊಳೆಯುವ ಹೊಸ ಡೂಪ್ಲಿಕೇಟ್ ಲಿವರ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಹಳೇ ಲಿವರ್ ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ. ಪಿವಟ್‌ನಿಂದ ಕೇಬಲ್ ಸಿಕ್ಕಿಸುವ ತೂತಿಗೆ ಇರುವ ದೂರ ಸ್ವಲ್ಪ ಕಮ್ಮಿಯಾದರೂ ಸಾಕು, ಎಳೆತ ಕಮ್ಮಿಯಾಗುತ್ತದೆ.

ಕೇಬಲ್ ಸರಿಯಿದ್ದರೆ ಬಲಗಡೆ ಕವರಿನ ಪುಟ್ಟ ಮುಚ್ಚಳ ತೆಗೆಯಿರಿ. ಒಳಗೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್. ಅದು ಪುಶ್ ರಾಡಿನ ಅಡ್ಜಸ್ಟ್‌ಮೆಂಟ್. ಕೇಬಲ್ಲನ್ನು ಪೂರ್ತಿ ಸಡಿಲ ಬಿಟ್ಟು, ಮೊದಲು ಈ ಸ್ಕ್ರೂ ಸರಿಮಾಡಿ, ಆಮೇಲೆ ಕೇಬಲ್ ಬಿಗಿ ಮಾಡಬೇಕು. ಜಾಸ್ತಿ ಜನ ಒಳಗಿನದನ್ನು ಮರೆತು ವರ್ಷಗಟ್ಟಲೆ ಬರೀ ಕೇಬಲ್ ಬಿಗಿಯುತ್ತಾ ಹೋಗುತ್ತಾರೆ. ಒಂದು ದಿನ ಒಳಗಿನ ತೋಳು ತಪ್ಪು ಕೋನಕ್ಕೆ ಬಂದು ನಿಲ್ಲುತ್ತದೆ, ಎಷ್ಟು ಎಳೆದರೂ ತಳ್ಳುವ ದೂರ ಸಾಲುವುದಿಲ್ಲ.

ಇಷ್ಟಾದರೂ ಬಿಡುತ್ತಿಲ್ಲ ಅಂದರೆ ಮಾತ್ರ ಎಡಗಡೆ ಪ್ರೈಮರಿ ಕವರ್. ಹಳೇ ಬುಲೆಟ್‌ನಲ್ಲಿ ಅದನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್. ಬಿಚ್ಚುವ ಮುಂಚೆ ಕೆಳಗೆ ಟ್ರೇ ಇಡಿ, ಇಲ್ಲವಾದರೆ ಆಯಿಲ್ಲೆಲ್ಲ ಅಂಗಳಕ್ಕೆ. ಕವರ್ ತೆಗೆದು, ಕ್ಲಚ್ ಹಿಡಿದು ಕಿಕ್ಕರ್ ಮೆಲ್ಲಗೆ ಒತ್ತಿ ನೋಡಿ. ಹೊರಗಿನ ಪ್ರೆಷರ್ ಪ್ಲೇಟ್ ಸಮನಾಗಿ ಮೇಲೆದ್ದಿರಬೇಕು. ಒಂದು ಕಡೆ ಹೆಚ್ಚು ಎದ್ದು ಓಲಾಡುತ್ತಿದ್ದರೆ, ಹೆಚ್ಚು ಏಳುವ ಕಡೆಯ ಸ್ಪ್ರಿಂಗ್ ಸ್ಕ್ರೂ ಸ್ವಲ್ಪ ಬಿಗಿ ಮಾಡುತ್ತಾ ಸಮ ಮಾಡಿ. ಇದಕ್ಕೆ ತಾಳ್ಮೆ ಬೇಕು, ಅರ್ಧ ಸುತ್ತು, ನೋಡು, ಮತ್ತೆ ಅರ್ಧ ಸುತ್ತು. ಪ್ಲೇಟುಗಳನ್ನು ಗಾಜಿನ ಮೇಲೆ ಇಟ್ಟು ಬೆರಳಿನಿಂದ ಒತ್ತಿದರೆ ಬಾಗಿದ್ದು ಟಕಟಕ ಅನ್ನುತ್ತದೆ. ಪ್ಲೇಟುಗಳು ಕೂರುವ ಬಾಸ್ಕೆಟ್ಟಿನ ಸೀಳುಗಳಲ್ಲಿ ಪ್ಲೇಟಿನ ಕಿವಿ ಹೊಡೆದು ಹೊಡೆದು ಮೆಟ್ಟಿಲು ಬಿದ್ದಿದ್ದರೆ ಪ್ಲೇಟು ಅಲ್ಲಿ ಸಿಕ್ಕಿಕೊಂಡು ಜಾರುವುದಿಲ್ಲ. ಸಣ್ಣ ಮೆಟ್ಟಿಲಾದರೆ ಅರ ಹಾಕಿ ನುಣುಪು ಮಾಡಬಹುದು.

ಆಯಿಲ್ ಬಗ್ಗೆ ಒಂದು ಮಾತು. ಬಾಕ್ಸಿಗೆ ಇಪಿ 90 ಅನ್ನುವ ದಪ್ಪ ಗೇರ್ ಆಯಿಲ್, ಪ್ರೈಮರಿಗೆ ಎಂಜಿನ್ ಆಯಿಲ್. 'ಉಳಿದಿದೆ ಅಲ್ವಾ' ಅಂತ ಇಪಿ 90 ಅನ್ನೇ ಪ್ರೈಮರಿಗೂ ಸುರಿದರೆ ಪ್ಲೇಟುಗಳು ಅಂಟಿಕೊಳ್ಳುತ್ತವೆ. ಲೀಕ್ ನಿಲ್ಲಲಿ ಅಂತ ಬಾಕ್ಸಿಗೆ ಗ್ರೀಸ್ ತುಂಬುವ ಅಭ್ಯಾಸವೂ ನಮ್ಮಲ್ಲಿದೆ. ದಾವಣಗೆರೆಯ ಬೇಸಿಗೆಯಲ್ಲಿ ಅದು ಹೇಗೋ ಕರಗಿ ನಡೆಯುತ್ತದೆ, ಡಿಸೆಂಬರ್ ಬೆಳಗ್ಗೆ ಗೇರ್ ಹಾಕುವಾಗ ಕೆಸರಲ್ಲಿ ಕಾಲು ಇಟ್ಟಂತಾಗುತ್ತದೆ. ಇನ್ನು ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಪ್ಲೇಟು ಅಂಟುವುದು ಸಹಜ. ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಹಿಡಿದು ನಾಲ್ಕೈದು ಸಲ ಕಿಕ್ ತುಳಿದರೆ ಬಿಟ್ಟುಕೊಳ್ಳುತ್ತದೆ. ಹಳಬರು ಇದನ್ನು ಪ್ರತಿದಿನ ಬೆಳಗ್ಗೆ ಮಾಡುತ್ತಿದ್ದರು, ಪೂಜೆ ಥರ.

ಈಗ ಕಾಲು ದಾರಿ. ಎಂಜಿನ್ ಆಫ್ ಇದ್ದಾಗಲೂ ಗೇರ್ ಬೀಳದಿದ್ದರೆ ಇಲ್ಲಿಗೆ ಬನ್ನಿ. ಮೊದಲು ಚಾಕ್‌ಪೀಸ್ ತಗೊಂಡು ಲಿವರ್ ಮತ್ತು ಶಾಫ್ಟ್ ಎರಡರ ಮೇಲೂ ಸೇರಿಸಿ ಒಂದು ಗೆರೆ ಎಳೆಯಿರಿ. ಹತ್ತು ಸಲ ಗೇರ್ ಹಾಕಿ. ಗೆರೆ ಎರಡು ತುಂಡಾದರೆ ಲಿವರಿನ ಒಳಹಲ್ಲು ಸವೆದು ಶಾಫ್ಟ್ ಮೇಲೆ ಜಾರುತ್ತಿದೆ. ಮುಗಿಯಿತು, ರೋಗ ಸಿಕ್ಕಿತು.

ಲಿವರ್ ಒತ್ತಿ ಬಿಟ್ಟಾಗ ತಾನಾಗಿ ನಡುವಿಗೆ ವಾಪಸ್ ಬರಬೇಕು. ಒಂದು ಗೇರ್ ಚೆನ್ನಾಗಿ ಬಿದ್ದು, ಎರಡನೇ ಸಲ ಒತ್ತಿದರೆ ಕಾಲಿಗೆ ಏನೂ ಸಿಗದೆ ಖಾಲಿ ಅನ್ನಿಸಿದರೆ ರಿಟರ್ನ್ ಸ್ಪ್ರಿಂಗ್ ಮುರಿದಿದೆ ಅಥವಾ ಸೋತಿದೆ. ಇದು ಹೊರಗಿನ ಕವರಿನ ಒಳಗೇ ಇರುತ್ತದೆ, ಬಾಕ್ಸ್ ಇಳಿಸಬೇಕಿಲ್ಲ.

ಇನ್ನೊಂದು ತುಂಬ ಉಪಯೋಗದ ಗುರುತು: ಗೇರ್ ಒಂದು ದಿಕ್ಕಿನಲ್ಲಿ ಸಲೀಸಾಗಿ ಹೋಗಿ, ಇನ್ನೊಂದು ದಿಕ್ಕಿನಲ್ಲಿ ಮಾತ್ರ ತಡೆಯುತ್ತದೆಯಾ? ಎರಡು, ಮೂರು, ನಾಲ್ಕು ಚೆನ್ನಾಗಿ ಬಿದ್ದು, ವಾಪಸ್ ಎತ್ತುವಾಗ ಎರಡು ಗೇರಿನ ಮಧ್ಯೆ ಯಾವ ಗೇರೂ ಹಿಡಿಯದ ಫಾಲ್ಸ್ ನ್ಯೂಟ್ರಲ್ ಸಿಗುತ್ತದೆಯಾ? ಸವೆದ ಗೇರಿಗೆ ಈ ದಿಕ್ಕಿನ ಭೇದ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅದು ರ‍್ಯಾಚೆಟ್ ಅಡ್ಜಸ್ಟ್‌ಮೆಂಟ್. ಹೊರಗಿನ ಕವರ್ ತೆಗೆದರೆ ಉದ್ದ ತೂತುಗಳಿರುವ ಒಂದು ಪ್ಲೇಟ್ ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಬೋಲ್ಟ್ ಸಡಿಲಿಸಿ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ, ಬಿಗಿದು, ಚಕ್ರ ಆಡಿಸಿ ಎರಡೂ ದಿಕ್ಕಿಗೆ ಗೇರ್ ಹಾಕಿ ನೋಡಿ. ಲಿವರ್ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಒಂದೇ ಅಳತೆ ಹೋಗಿ ಗೇರ್ ಹಿಡಿದರೆ ಸರಿ. ಒಂದು ಕಡೆ ಚೆನ್ನಾಗಾಗಿ ಇನ್ನೊಂದು ಕಡೆ ಕೆಟ್ಟರೆ ಜಾಸ್ತಿ ಸರಿಸಿದ್ದೀರಿ ಅಂತ ಅರ್ಥ. ನನಗೆ ಇದಕ್ಕೆ ಒಂದು ಭಾನುವಾರ ಬೆಳಗಿನಿಂದ ಊಟದ ಹೊತ್ತಿನವರೆಗೆ ಹಿಡಿಯಿತು. ಗೊತ್ತಿದ್ದವರಿಗೆ ಅರ್ಧ ಗಂಟೆ.

ಹಿಮ್ಮಡಿ ಹತ್ತಿರದ ಪುಟ್ಟ ನ್ಯೂಟ್ರಲ್ ಫೈಂಡರ್ ಲಿವರ್ ಬಗ್ಗೆಯೂ ಹೇಳಿಬಿಡುತ್ತೇನೆ. ಎರಡು, ಮೂರು, ನಾಲ್ಕು ಯಾವುದರಲ್ಲಿದ್ದರೂ ಅದನ್ನು ಒತ್ತಿದರೆ ಸೀದಾ ನ್ಯೂಟ್ರಲ್. ಫಸ್ಟಿನಿಂದ ಬರುವುದಿಲ್ಲ. 'ಫೈಂಡರ್ ಕೆಟ್ಟಿದೆ' ಅಂತ ಬರುವವರಲ್ಲಿ ಅರ್ಧ ಜನ ಫಸ್ಟಿನಲ್ಲಿ ನಿಂತು ಒತ್ತುತ್ತಿರುತ್ತಾರೆ. ಸಿಗ್ನಲ್ ಬರುವ ಮುಂಚೆ ಸೆಕೆಂಡಿನಲ್ಲಿದ್ದಾಗಲೇ ಒತ್ತಿಬಿಡಿ.

ಯೆಜ್ಡಿ ಇಟ್ಟುಕೊಂಡವರಿಗೆ ಲೆಕ್ಕ ಸ್ವಲ್ಪ ಬೇರೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಮಾಡಿದ ಗಾಡಿಗಳು ಚಿತ್ರದುರ್ಗದ ಓಣಿಗಳಲ್ಲಿ ಇನ್ನೂ ಡಬ್ ಡಬ್ ಅನ್ನುತ್ತಿವೆ. ಅವುಗಳಲ್ಲಿ ಗೇರ್ ಲಿವರ್ರೇ ಕಿಕ್ಕರ್ ಕೂಡ. ಜೊತೆಗೆ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೂ ಸ್ವಲ್ಪ ಬಿಡುವ ವ್ಯವಸ್ಥೆ ಇದೆ. ಅಂದರೆ ಕೈ ದಾರಿ, ಕಾಲು ದಾರಿ ಅಲ್ಲಿ ಒಳಗೇ ಸೇರಿಕೊಳ್ಳುತ್ತವೆ, ಕ್ಲಚ್ ಅಡ್ಜಸ್ಟ್‌ಮೆಂಟ್ ತಪ್ಪಿದರೆ ಕಾಲಿಗೂ ಗೊತ್ತಾಗುತ್ತದೆ. ಕ್ಲಚ್ಚಿಗೂ ಗೇರಿಗೂ ಒಂದೇ ಆಯಿಲ್, ಹಾಗಾಗಿ ದಪ್ಪ ಇಪಿ 90 ಅಲ್ಲಿ ಬೇಡ. ಮತ್ತೆ ಯೆಜ್ಡಿಯಲ್ಲಿ ಗೇರ್ ದಿನೇ ದಿನೇ ಒರಟಾಗುತ್ತಾ, ಸೈಲೆನ್ಸರಿನಿಂದ ಬಿಳಿ ಹೊಗೆ ಜಾಸ್ತಿಯಾಗುತ್ತಿದ್ದರೆ ಎರಡನ್ನೂ ಒಟ್ಟಿಗೇ ಯೋಚಿಸಿ. ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ, ಬಾಕ್ಸ್ ಒಣಗುತ್ತದೆ.

ಹಾಗಾದರೆ ಬಾಕ್ಸನ್ನೇ ಅನುಮಾನಿಸುವುದು ಯಾವಾಗ? ಗೇರ್ ಹಾರಿದಾಗ. ಸರಿಯಾಗಿ ಬಿದ್ದ ಗೇರು, ಓಡುತ್ತಾ ಓಡುತ್ತಾ ತಾನಾಗಿ ನ್ಯೂಟ್ರಲ್ಲಿಗೆ ಬಂದುಬಿಡುತ್ತದಲ್ಲ, ಅದು. ಡಾಗ್‌ಗಳ ಅಂಚು ಚೌಕವಾಗಿರಬೇಕು. ಅರ್ಧಂಬರ್ಧ ಗೇರ್ ಹಾಕಿ ಹಾಕಿ ಆ ಅಂಚು ದುಂಡಗಾದರೆ, ಭಾರ ಬಿದ್ದಾಗ ಒಂದನ್ನೊಂದು ಹಿಡಿಯುವ ಬದಲು ಹೊರಕ್ಕೆ ತಳ್ಳುತ್ತವೆ. ಯಾವಾಗಲೂ ಒಂದೇ ಗೇರ್ ಹಾರುತ್ತಿದ್ದರೆ ಆ ಜೋಡಿಯ ಡಾಗ್, ಅಥವಾ ಅದನ್ನು ತಳ್ಳುವ ಫೋರ್ಕು. ಬೇರೆ ಬೇರೆ ಗೇರ್ ಹಾರುತ್ತಿದ್ದರೆ ಮೊದಲು ಕ್ಯಾಮ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ಲಂಜರ್ ಮತ್ತು ಅದರ ಸ್ಪ್ರಿಂಗ್ ನೋಡಿ, ಅದನ್ನು ಹೊರಗಿನಿಂದಲೇ ಬಿಚ್ಚಬಹುದು. ಬಾಕ್ಸಿನ ಆಯಿಲ್ ಇಳಿಸಿ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನಯವಾದ ಲೇಪ ಬಂದರೆ ವಯಸ್ಸಿನ ಗುರುತು, ಚಿಂತೆ ಬೇಡ. ಚೂರು ಚೂರು ಉಕ್ಕು ಬಂದರೆ ಬಿಚ್ಚಲೇಬೇಕು. ಅಯಸ್ಕಾಂತಕ್ಕೆ ಅಂಟದ, ಚಿನ್ನದ ಬಣ್ಣದ ಮಿನುಗು ಕಂಡರೆ ಅದು ಕಂಚಿನ ಬುಷ್ ಸವೆಯುತ್ತಿರುವುದು.

ನನ್ನ ಬುಲೆಟ್ ಕೇಬಲ್ ಹಾಕಿಸಿದ ಮೇಲೆ ಪೂರ್ತಿ ಪರೀಕ್ಷೆ ಆಗಲಿ ಅಂತ ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೊರಟೆ. ಹೈವೇಯಲ್ಲಿ ನಾಲ್ಕನೇ ಗೇರಿನಲ್ಲಿ ಏನೂ ಗೊತ್ತಾಗುವುದಿಲ್ಲ, ಗಾಳಿಗೆ ಕಿವಿ ತುಂಬುತ್ತದೆ, ಅಷ್ಟೇ. ಪರೀಕ್ಷೆ ಆಗಬೇಕಾದರೆ ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟದ ಏರು ಬೇಕು. ಹತ್ತುವಾಗ ಎಂಜಿನ್ ಚಕ್ರವನ್ನು ತಳ್ಳುತ್ತದೆ, ಡಾಗಿನ ಒಂದು ಮುಖದ ಮೇಲೆ ಭಾರ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಎಂಜಿನ್ನನ್ನು ತಳ್ಳುತ್ತದೆ, ಭಾರ ಅದೇ ಡಾಗಿನ ಇನ್ನೊಂದು ಮುಖಕ್ಕೆ ಹೋಗುತ್ತದೆ. ಏರಿನಲ್ಲಿ ನಿಲ್ಲುವ ಗೇರು ಇಳಿಜಾರಿನಲ್ಲಿ ಹಾರಬಹುದು. ನನ್ನದೂ ಹಾರಿತು. ಹತ್ತುವಾಗ ಎರಡೂ ಮೂರೂ ಗಟ್ಟಿ, ಇಳಿಯುವಾಗ ಮೊದಲ ತಿರುವಿನಲ್ಲೇ ಮೂರನೆಯದು ಟಪ್ ಅಂತ ಬಿಟ್ಟಿತು, ಸ್ವಲ್ಪ ಕೆಳಗೆ ಎರಡನೆಯದೂ. ಹೊಸ ಗೇರ್ ಹಾಕಿಸಿದ ಬಾಕ್ಸಿದು! ಎದೆ ಧಸಕ್ಕೆಂದಿತು. ಆದರೆ ಎರಡು ಬೇರೆ ಬೇರೆ ಗೇರ್ ಹಾರಿದೆ ಅಂತ ನೆನಪಾಗಿ, ಮನೆಗೆ ಬಂದು ಪ್ಲಂಜರ್ ಬಿಚ್ಚಿದೆ. ಸ್ಪ್ರಿಂಗ್ ಹೊಸದರ ಪಕ್ಕ ಇಟ್ಟರೆ ಬೆರಳಿನ ಅಗಲದಷ್ಟು ಗಿಡ್ಡ. ಅಷ್ಟೆಲ್ಲ ಬಿಚ್ಚಿದವರು ಅದೊಂದನ್ನು ಹಳೆಯದೇ ಹಾಕಿದ್ದರು.

ಬದಲಿಸಿ ಮುಂದಿನ ಭಾನುವಾರ ಮತ್ತೆ ಹತ್ತಿ ಇಳಿದೆ, ಯಾವ ಗೇರೂ ಹಾರಲಿಲ್ಲ. ನಾಲ್ಕರಿಂದ ಮೂರಕ್ಕೆ ಎತ್ತುವಾಗ ಫಾಲ್ಸ್ ನ್ಯೂಟ್ರಲ್ ಮಾತ್ರ ಈಗಲೂ ಅಪರೂಪಕ್ಕೆ ಸಿಗುತ್ತದೆ, ಅದೂ ನಾನು ಚಪ್ಪಲಿ ಮೆಟ್ಟಿಕೊಂಡು ಹೋದ ದಿನ.